ಮಗಳಿಗೊಂದು ಪತ್ರ: ಆಡಿಷನ್‌ಗೆ ಹೋಗುವ ಮೊದಲು

ನವನಗರ, ಬಾಗಲಕೋಟೆ

ಪ್ರೀತಿಯ ಮಗಳಿಗೆ ಅವ್ವನ ಆಶೀರ್ವಾದ.

ಟಿವಿಯವರು ನಿರೂಪಣೆಯ ಆಡಿಷನ್‌ಗೆ ಕರೆದಿದ್ದಾರೆ ಅಂತ ನೀನು ಹೇಳಿದಾಗಿನಿಂದ ನಿಮ್ಮಪ್ಪ ಓಣಿಗೆಲ್ಲ ಸುದ್ದಿ ಹಂಚುತ್ತಿದ್ದಾರೆ. ಫೋನಿನಲ್ಲಿ ನನಗೆ ಮಾತಾಡಲು ಬಿಟ್ಟರೆ ತಾನೇ? ಅದಕ್ಕೇ ಬರೆಯುತ್ತಿದ್ದೇನೆ.

‘ನಮ್ಮ ಕಡೆ ಮಾತಿನ ರಾಗ ಕೇಳಿ ನಗ್ತಾರೇನೋ’ ಅಂದೆಯಲ್ಲ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ನಮ್ಮ ಹಳ್ಳಿಗಳಿಗೆ ಅದಕ್ಕೂ ಮೊದಲೇ ಬಂದಿತ್ತು. 1975ರ ಆಗಸ್ಟ್‌ನಿಂದ ಒಂದು ವರ್ಷ ‘ಸೈಟ್’ ಅನ್ನುವ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿವಿ. ನಮ್ಮ ರಾಜ್ಯದಲ್ಲಿ ಆರಿಸಿದ್ದು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು. ಬಾಗಲಕೋಟೆ ಆಗ ವಿಜಾಪುರ ಜಿಲ್ಲೆಯೊಳಗೇ ಇತ್ತು. ಊರಿಗೊಂದೇ ಪೆಟ್ಟಿಗೆ. ಒಕ್ಕಲುತನ, ಆರೋಗ್ಯದ ಮಾತುಗಳನ್ನು ಜನ ಅದರ ಮುಂದೆ ಕೂತು ಕನ್ನಡದಲ್ಲೇ ಕೇಳಿದರು. ನಗುವವರಿಗೆ ಇಷ್ಟು ಹೇಳು, ಸಾಕು.

ಹಾಗಂತ ಉಚ್ಚಾರ ತಿದ್ದಿಕೊಳ್ಳುವುದೇ ಬೇಡ ಅಂತಲ್ಲ. ನಿನಗೆ ‘ಶ’ ಮತ್ತು ‘ಸ’ ಇನ್ನೂ ಕಲಸುತ್ತವೆ. ಉದ್ದ ವಾಕ್ಯದ ಕೊನೆಗೆ ಉಸಿರು ಸಾಲುವುದಿಲ್ಲ. ದಿನಾ ಪೇಪರನ್ನು ಗಟ್ಟಿಯಾಗಿ ಓದು.

ನಮ್ಮ ಕಾಲದ ಅನೌನ್ಸರ್ ಕೆಲಸವೇ ಬೇರೆ. ನಮಸ್ಕಾರ ಹೇಳಬೇಕು, ಸಂಜೆ ಏನೇನಿದೆ ತಿಳಿಸಬೇಕು, ಎರಡು ಕಾರ್ಯಕ್ರಮಗಳ ನಡುವೆ ಬಂದು ಹೋಗಬೇಕು. ಆ ಜಾಗವನ್ನು ಈಗ ಪ್ರೋಮೋಗಳು ನುಂಗಿವೆ. ಇವತ್ತು ಕರೆಯುವುದು ಜಾಸ್ತಿ ನಿರೂಪಣೆಗೇ.

ನಿರೂಪಕಿ ಅಪರ್ಣಾ ಅವರನ್ನು ನೋಡು. 1984ರಲ್ಲಿ ಪುಟ್ಟಣ್ಣ ಕಣಗಾಲರ ಸಿನಿಮಾದಿಂದ ಬಂದವರು. ಆಮೇಲೆ ದೂರದರ್ಶನ, ಆಕಾಶವಾಣಿ, ಸರ್ಕಾರಿ ಸಮಾರಂಭಗಳ ವೇದಿಕೆ. 1998ರ ದೀಪಾವಳಿ ಕಾರ್ಯಕ್ರಮವೊಂದನ್ನು ಸತತ ಎಂಟು ಗಂಟೆ ನಿರೂಪಿಸಿದ್ದರಂತೆ! ಬೆಂಗಳೂರು ಮೆಟ್ರೊಗೆ ಕನ್ನಡ ದನಿಯಾದರು. ಅಂಥ ಗಂಭೀರ ಕನ್ನಡದವರು ಟಿವಿಯ ಹಾಸ್ಯ ಕಾರ್ಯಕ್ರಮ ‘ಮಜಾ ಟಾಕೀಸ್’ನಲ್ಲಿ ವರಲಕ್ಷ್ಮಿಯಾಗಿ ನಗಿಸಿದಾಗ, ಇವರು ಅವರೇ ಅಂದರೆ ನಿಮ್ಮಜ್ಜಿ ಒಪ್ಪಲೇ ಇಲ್ಲ. 2024ರ ಜುಲೈ 11ರಂದು ತೀರಿಕೊಂಡರು. ಕ್ಯಾನ್ಸರ್. ಅವತ್ತು ನಮ್ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಒಂದೇ ಪರದೆಯನ್ನು ನಂಬಿ ಅವರು ಕೂರಲಿಲ್ಲ, ನೋಡಿದೆಯಾ? ನಾನು ಹೇಳಬೇಕಾದ್ದೂ ಅದೇ. ಮುಖ ಹಳೆಯದಾಯಿತು ಅಂತ ಚಾನೆಲ್‌ನವರು ಬದಲಿಸಬಹುದು. ಪಳಗಿದ ದನಿಗೆ ರೇಡಿಯೊ ಇದೆ, ವೇದಿಕೆ ಇದೆ, ಡಬ್ಬಿಂಗ್ ಇದೆ. ಮೇಕಪ್‌ಗಿಂತ ದನಿಗೆ ದುಡ್ಡು ಹಾಕು. ಮತ್ತೆ, ಇದರಲ್ಲಿ ಕಾಯಂ ನೌಕರಿ ಕಡಿಮೆ. ಎಷ್ಟೋ ಜನ ಕರೆದ ದಿನ ಹೋಗಿ, ಆ ದಿನದ ಲೆಕ್ಕ ಪಡೆಯುವವರು. ತಿಂಗಳಿಗೆ ಎಷ್ಟು ಪಾಳಿ, ದುಡ್ಡು ಯಾವಾಗ ಕೈಗೆ ಬರುತ್ತದೆ, ನಾಚದೆ ಕೇಳು. ಅಲ್ಲಿಯವರೆಗೆ ಈಗಿನ ಕೆಲಸ ಬಿಡಬೇಡ.

ಆಡಿಷನ್‌ಗೆ ಇಳಕಲ್ ಸೀರೆಯನ್ನೇ ಉಡುತ್ತೀಯಲ್ಲ? ಸಣ್ಣ ಚೌಕಡಿಯದು ಬೇಡ, ಕ್ಯಾಮೆರಾದಲ್ಲಿ ಗಿಜಿಗಿಜಿ ಅನ್ನುತ್ತದೆ. ಹಸಿರೂ ಬೇಡ. ಹಿಂದೆ ಹಸಿರು ಪರದೆ ಕಟ್ಟಿದ್ದರೆ ಸೀರೆ ಮಾಯವಾಗಿ ತಲೆಯಷ್ಟೇ ಉಳಿದೀತು. ನೇರಳೆಯದನ್ನು ಇಸ್ತ್ರಿ ಮಾಡಿಸಿ, ನಿಮ್ಮಪ್ಪನ ಕೈಲಿ ಬಸ್ಸಿಗೆ ಹಾಕಿಸುತ್ತೇನೆ.

ನಿನ್ನ,
ಅವ್ವ