ಮಗಳಿಗೊಂದು ಪತ್ರ: ಆ ನಾಲ್ಕು ಹಾಳೆ

ನನ್ನವ್ವಾ,

ನಿನ್ನ ನೋಟ್‌ಬುಕ್ಕಿನ ನಾಲ್ಕು ಹಾಳೆ ಹರಿದು ಒಲೆಗೆ ಹಾಕಿದವಳು ನಾನು. ಅಪ್ಪನಿಗೆ ಗೊತ್ತೇ ಇಲ್ಲ. ನೀನು ಅವರ ಮೇಲೆ ಸಿಟ್ಟು ಮಾಡಿಕೊಂಡು ರಾತ್ರಿ ಬಸ್ಸು ಹತ್ತಿದೆ. ಆಗಲೇ ಹೇಳಬೇಕಿತ್ತು, ಬಾಯಿ ಬರಲಿಲ್ಲ.

ಆ ಹುಡುಗನ ವಿಷಯ ಬರೆಯುವುದಿಲ್ಲ. ಇಬ್ಬರಿಗೂ ಗೊತ್ತಿರುವುದೇ.

ನೀನು ಅವನಿಗೆಂದು ಬರೆದ ಒಂದು ಸಾಲು ಮಾತ್ರ ತಲೆಯಿಂದ ಹೋಗುತ್ತಿಲ್ಲ. ‘ನಿನ್ನ ಮದುವೆಯ ರೊಟ್ಟಿ ಬಡಿಯಲು ನನ್ನ ಅವ್ವನನ್ನೇ ಕರೆದರು.’ ಹೌದು, ಹೋಗಿದ್ದೆ. ಓಣಿಯ ಹೆಂಗಸರೆಲ್ಲ ಹೋದಾಗ ನಾನೊಬ್ಬಳೇ ಮನೆಯಲ್ಲಿ ಉಳಿದರೆ ಊರು ಕಾರಣ ಹುಡುಕುತ್ತಿತ್ತು. ನಿನ್ನ ಮಾತು ಬರಬಾರದೆಂದು ಹೋದೆ. ನಿನಗೆ ಹೇಗಾಗುತ್ತದೆ ಅಂತ ಯೋಚಿಸಲಿಲ್ಲ. ತಪ್ಪಾಯಿತು.

ನಿನ್ನ ಆಯಿ, ನನ್ನವ್ವ, ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕೂರುತ್ತಿದ್ದಳು. ನಾನು ಎದುರು ಕೂತು ಗೂಟ ಹಿಡಿಯುತ್ತಿದ್ದೆ. ನನಗಾಗ ಒಂಬತ್ತು ವರ್ಷ. ದೇವರ ಪದ, ತವರಿನ ಪದ ಮುಗಿದ ಮೇಲೆ ಸಣ್ಣ ದನಿಯಲ್ಲಿ ಇನ್ನೊಂದು ಬರುತ್ತಿತ್ತು:

ಹೊಳಿಯಾಚಿ ಹೊಲದಾಗ ಜ್ವಾಳಕ್ಕ ತೆನಿ ಬಂದು
ಹಕ್ಕಿ ಹೊಡಿಯಾಕ ನೀ ಬರಲಿಲ್ಲ ಗೆಣೆಕಾರ

ಬೀಸುವ ಪದಕ್ಕೆ ಮೂರು ಸಾಲು. ಎರಡನೆಯದನ್ನು ಮತ್ತೆ ಹೇಳಿ ಮೂರನೆಯದಕ್ಕೆ ಹೋಗಬೇಕು. ಆಯಿ ಹೋಗುತ್ತಿರಲಿಲ್ಲ. ಎರಡನೆಯದನ್ನೇ ಹೇಳುತ್ತಿದ್ದಳು, ಮತ್ತೆ ಮತ್ತೆ. ಕಾಳು ತೀರಿ ಬರೀ ಕಲ್ಲು ಗರಗರ ತಿರುಗುತ್ತಿದ್ದರೂ ಅವಳಿಗೆ ಎಚ್ಚರ ಇರುತ್ತಿರಲಿಲ್ಲ. ‘ಮುಂದ ಏನಬೇ ಯವ್ವಾ?’ ಎಂದು ಕೇಳಿದೆ. ಒಂದು ಹಿಡಿ ಜೋಳ ಸುರಿದು ‘ಬೀಸು’ ಅಂದಳು. ನಮಗೆ ಹೊಳೆಯಾಚೆ ಹೊಲ ಇರಲಿಲ್ಲ. ನಮ್ಮ ಅಪ್ಪ ಎಂದೂ ಹಕ್ಕಿ ಹೊಡೆಯಲು ಹೋದವರಲ್ಲ. ಇದು ನನಗೆ ಹೊಳೆದದ್ದು ನನ್ನ ಮದುವೆಯಾದ ಎಷ್ಟೋ ವರ್ಷದ ಮೇಲೆ.

ಆಮೇಲೆ ಊರಿಗೆ ಗಿರಣಿ ಬಂತು. ಕಲ್ಲು ಹಿತ್ತಲಿಗೆ ಹೋಯಿತು. ಆಯಿ ಹಾಡುವುದನ್ನೇ ಬಿಟ್ಟಳು.

ನಮ್ಮ ಕಡೆಯ ಹಲಸಂಗಿ ಗೆಳೆಯರು ಹೆಂಗಸರ ಪದಗಳನ್ನು ಕೂಡಿಸಿ 1931ರಲ್ಲೇ ಪುಸ್ತಕ ಮಾಡಿದ್ದರು. ನೀನೇ ಅದನ್ನು ತಂದು ಓದಿ ಹೇಳಿದ್ದೆ. ಇನ್ನೊಂದು ಓದು, ಇನ್ನೊಂದು ಓದು ಅಂತಿದ್ದೆನಲ್ಲ, ಆಯಿಯ ಆ ಮೂರನೇ ಸಾಲು ಎಲ್ಲಾದರೂ ಬರುತ್ತದಾ ಅಂತ ಕಾಯುತ್ತಿದ್ದೆ. ಬರಲಿಲ್ಲ.

ನಿನ್ನ ಹಾಳೆ ಓದಿದಾಗ ಅದೇ ನೆನಪಾಯಿತು. ಎಷ್ಟು ಚಂದ ಬರೆದಿದ್ದೆ! ಸುತ್ತಿ ಬಳಸಿ ಒಂದು ಮಾತಿಲ್ಲ. ಓಣಿಯಲ್ಲಿ ಯಾರು ಓದಿದರೂ ತಿಳಿಯುವ ಹಾಗಿತ್ತು. ಅದಕ್ಕೇ ಹೆದರಿದೆ.

ಬರೆ. ಹೆಸರು ಮಾತ್ರ ಹಾಕಬೇಡ, ಅವನ ಹೆಂಡತಿಯೂ ಒಬ್ಬ ತಾಯಿಯ ಮಗಳು. ರಾತ್ರಿಯೆಲ್ಲ ಫೋನು ಹಿಡಿದು ಅವನ ಫೋಟೋ ನೋಡುತ್ತಾ ಕೂರಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ತಲೆಗೆ ಎಣ್ಣೆ ಹಚ್ಚಿಕೊ. ಅಳು ಬಂದರೆ ಒಬ್ಬಳೇ ಅಳಬೇಡ, ಎಷ್ಟೊತ್ತಾದರೂ ಫೋನು ಮಾಡು. ಅಪ್ಪನಿಗೂ ಒಂದು ಸಲ ಮಾಡು. ನೀನು ಹೋದಾಗಿಂದ ಅವರು ಸರಿಯಾಗಿ ಉಂಡಿಲ್ಲ.

ಬಸ್ಸಿನಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದ್ದೇನೆ. ಕೆಳಗೆ ಹೊಸ ನೋಟ್‌ಬುಕ್ಕು ಇದೆ. ಮೊದಲ ಹಾಳೆಯಲ್ಲಿ ಆಯಿಯ ಎರಡು ಸಾಲು, ಅದರ ಕೆಳಗೆ ನಿನ್ನ ರೊಟ್ಟಿಯ ಸಾಲು ಬರೆದಿದ್ದೇನೆ. ಕಾಗುಣಿತ ತಪ್ಪಿದ್ದರೆ ತಿದ್ದಿಕೊ.

ನಿನ್ನ ಅವ್ವ