ಯಾವ ದೋಣಿ, ಸ್ವಾಮಿ?

ಮಂಡ್ಯ, ಸೋಮವಾರ

ಪ್ರೀತಿಯ ಮಹೇಶ,

ಮೈಸೂರಿನಿಂದ ನೀನು ಬರೆದು ಕಳಿಸಿದ ಕರಪತ್ರ ಬಂತು. ನಿನ್ನೆ ಟೀ ಅಂಗಡಿ ಮುಂದೆ ಜೋರಾಗಿ ಓದಿದೆ. ‘ನೀರಿನ ವಿಷಯದಲ್ಲಿ ನಾವೆಲ್ಲ ಒಂದೇ ದೋಣಿಯಲ್ಲಿದ್ದೇವೆ’ ಅನ್ನೋ ಸಾಲು ಬಂತು ನೋಡು, ಬೀಡಿ ಹಚ್ಚುತ್ತಿದ್ದ ಅಜ್ಜ ಒಬ್ಬರು ತಲೆ ಎತ್ತಿ, ‘ಯಾವ ದೋಣಿ ಸ್ವಾಮಿ? ನಾಲೇಲಿ ಕಾಲು ತೊಳೆಯಕ್ಕೂ ನೀರಿಲ್ಲ’ ಅಂದರು. ಎಲ್ಲರೂ ನಕ್ಕರು, ಆಮೇಲೆ ಯಾರೂ ಏನೂ ಕೇಳಿಸಿಕೊಳ್ಳಲಿಲ್ಲ.

‘ಒಂದೇ ದೋಣಿ’ ಅನ್ನೋದು ಇಂಗ್ಲಿಷಿನಿಂದ ತಂದ ಮಾತು. ಇಂಗ್ಲಿಷಿನ ಮೇಲೆ ನನಗೇನೂ ಸಿಟ್ಟಿಲ್ಲ. ನಮ್ಮ ನಾಲೆಗೆ ಮೊದಲಿದ್ದದ್ದೇ ಇರ್ವಿನ್ ಅನ್ನೋ ವೈಸರಾಯ್ ಹೆಸರು. ಆಮೇಲೆ ವಿಶ್ವೇಶ್ವರಯ್ಯ ಕೆನಾಲ್ ಆಯಿತು, ಈಗ ವಿ.ಸಿ. ನಾಲೆ. ಅಂದರೆ ಕೆನಾಲ್ ನಾಲೆ! ಯಾರಿಗೂ ತೊಂದರೆ ಆಗಿಲ್ಲ.

ಇಂಗ್ಲಿಷರು ಕಡಲು ಸುತ್ತಿದ ಜನ, ಅಪಾಯ ಅಂದರೆ ಹಡಗು, ದೋಣಿ ನೆನಪಾಗುತ್ತದೆ. ಇಲ್ಲದಿದ್ದರೆ ಕಲ್ಲಿದ್ದಲ ಗಣಿ. ಗಣಿಯೊಳಕ್ಕೆ ಪಂಜರದಲ್ಲಿ ಕೆನರಿ ಹಕ್ಕಿ ಒಯ್ಯುತ್ತಿದ್ದರಂತಲ್ಲ, ವಿಷಗಾಳಿ ಇದ್ದರೆ ಮೊದಲು ಹಕ್ಕಿ ಬೀಳಲಿ ಅಂತ. ಬ್ರಿಟನ್ನಿನಲ್ಲಿ 1986ರ ಸುಮಾರಿಗೆ ಆ ಕೆಲಸಕ್ಕೆ ಮೆಷಿನ್ ಬಂತು. ನಿನ್ನ ಎರಡನೇ ಪುಟದಲ್ಲಿ ‘ಕೊನೆ ಭಾಗದ ರೈತರೇ ನಮ್ಮ ಗಣಿಯ ಕೆನರಿಗಳು’ ಅಂತ ಇದೆ. ಅಲ್ಲಿವರೆಗೆ ಓದದೆ ಹೋದದ್ದೇ ಒಳ್ಳೆಯದಾಯಿತು. ಆ ಅಜ್ಜನ ಜಮೀನು ಇರೋದು ನಾಲೆಯ ಕೊನೆ ಭಾಗದಲ್ಲೇ ಕಣೋ. ಎದುರಿಗೇ ನಿಂತು ಸಾಯೋ ಹಕ್ಕಿ ಅನ್ನಲಾ?

ನನ್ನ ತಕರಾರು ಬೇರೆ. ದೋಣಿ ಮುಳುಗಿದರೆ ಎಲ್ಲರೂ ಮುಳುಗುತ್ತಾರೆ. ನಾಲೆ ಹಾಗಲ್ಲ. ತೂಬಿನ ಪಕ್ಕದವನ ಗದ್ದೆ ಕೋಡಿ ಹರಿಯುವಾಗ ಕೊನೆಯವನ ಕಬ್ಬು ಒಣಗುತ್ತಿರುತ್ತದೆ. ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸೋ ಕಟ್ಟು ನೀರಿನ ಸರದಿ ಬಂದಾಗ ರಾತ್ರಿ ಟಾರ್ಚ್ ಹಿಡಿದು ಬದುವಿನ ಮೇಲೆ ಕೂರೋನು ಅವನೇ, ನೀರು ಹಂಚೋ ನೀರುಗಂಟಿಯ ಕೈಕಾಲು ಹಿಡಿಯೋನೂ ಅವನೇ. ಅವನಿಗೆ ಹೋಗಿ ‘ಒಂದೇ ದೋಣಿ’ ಅಂದರೆ ಗೇಲಿ ಮಾಡಿದ ಹಾಗಾಗುತ್ತೆ, ಅಲ್ವಾ? ‘ಉರಿಯೋ ಮನೇಲಿ ಗಳ ಹಿರಿಯೋರು’ ಅಂತಾರಲ್ಲ ನಮ್ಮ ಕಡೆ, ಆ ಮಾತಲ್ಲಿ ಬೆಂಕಿಯ ಜೊತೆ ಕಳ್ಳನೂ ಇದ್ದಾನೆ. ನಿನ್ನ ದೋಣಿಯಲ್ಲಿ ಅವನಿಲ್ಲ.

ದೋಣಿ ಬೇಕೇ ಬೇಕು ಅಂದರೆ ಹರಿಗೋಲು ಹಾಕು. ಶ್ರೀರಂಗಪಟ್ಟಣದಲ್ಲಿ ಕೂತಿದ್ದೆವಲ್ಲ, ಬಿದಿರ ಬುಟ್ಟಿ, ತಳಕ್ಕೆ ಟಾರು ಬಳಿದ ಪ್ಲಾಸ್ಟಿಕ್ಕು. ನೀನು ಫೋಟೋ ತೆಗೀತೀನಿ ಅಂತ ಎದ್ದೆ. ಬುಟ್ಟಿ ವಾಲಿ ಅಂಚಿನ ಮೇಲಿಂದ ನೀರು ನನ್ನ ತೊಡೆಗೆ ಬಿತ್ತು. ಹುಟ್ಟು ಹಾಕುತ್ತಿದ್ದವರು ‘ಕೂತ್ಕಳಯ್ಯ!’ ಅಂತ ಗದರಿದರು. ಅದನ್ನೇ ಬರೆದಿದ್ದರೆ ತೂಬು ಎತ್ತೋರಿಗೂ ತಟ್ಟುತ್ತಿತ್ತು.

ನೀನು ಕರಪತ್ರ ಶುರು ಮಾಡಬೇಕಾದ ಮಾತು ನಿನ್ನೆ ಅಲ್ಲೇ ಸಿಕ್ಕಿತು. ನಗು ನಿಂತ ಮೇಲೆ ಒಬ್ಬರು, ‘ಕಟ್ಟೆ ಎಷ್ಟಾಯ್ತು?’ ಅಂದರು. ಕನ್ನಂಬಾಡಿ ಅಣೆಕಟ್ಟೆ ತುಂಬಿದರೆ 124.80 ಅಡಿ ಅಂತ ಇಲ್ಲಿ ಮಕ್ಕಳಿಗೂ ಗೊತ್ತು. ಇನ್ನೊಬ್ಬರು ಪೇಪರ್ ನೋಡಿ ಅವತ್ತಿನ ಮಟ್ಟ ಹೇಳಿದರು. ಒಬ್ಬರೂ ಮಾತಾಡಲಿಲ್ಲ. ಅಜ್ಜ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು ಎದ್ದು ಹೋದರು.

ತಿದ್ದಿ ಗುರುವಾರದೊಳಗೆ ಕಳಿಸು. ಪ್ರೆಸ್ಸಿನವರು ಎರಡು ಸಲ ಫೋನ್ ಮಾಡಿದ್ದಾರೆ.

ನಿನ್ನ,
ಮಂಡ್ಯದ ಗೆಳೆಯ