ಜಪಾನಿಗೆ ಹೊರಟಿರೋ ಮಗಳಿಗೆ, ಕೊಂಬಿನಿ ಬಗ್ಗೆ

ಪುಟ್ಟಿ,

ವೀಸಾ ಬಂತು, ಟಿಕೆಟ್ ಆಯ್ತು, ಇನ್ನು ನೀನು ಹೊರಡೋದೊಂದೇ ಬಾಕಿ. ಅಮ್ಮಂಗೆ ನಿನ್ನ ಊಟದ ಚಿಂತೆ, ನಂಗೆ ನೀನು ರಾತ್ರಿ ಹೊತ್ತು ಒಬ್ಳೇ ಓಡಾಡೋ ಚಿಂತೆ. ಕಂಪನಿ ಟ್ರೈನಿಂಗಿಗೆ ಅಂತ ನಾನು ಐಚಿ ಕಡೆ ಇದ್ದಾಗ ಎರಡಕ್ಕೂ ಆಸರೆಯಾಗಿದ್ದು ಕೊಂಬಿನಿ, ಅಂದ್ರೆ ಊಟ ತಿಂಡಿ, ದಿನಬಳಕೆ ಸಾಮಾನು ಸಿಗೋ ಅಲ್ಲಿನ ಪುಟ್ಟ ಅಂಗಡಿ, ಅದಕ್ಕೇ ಗುಡಿ ಗೋಪುರ ಎಲ್ಲಾ ಬಿಟ್ಟು ಮೊದಲು ಅದರ ಬಗ್ಗೆನೇ ಬರೀತಿದೀನಿ. ಟೋಕಿಯೋದ ತೊಯೋಸುನಲ್ಲಿ 1974ರಲ್ಲಿ ಸೆವೆನ್-ಇಲೆವೆನ್‌ನ ಜಪಾನಿನ ಮೊದಲ ಅಂಗಡಿ ಶುರುವಾಯ್ತು, ಈಗ ಫ್ಯಾಮಿಲಿಮಾರ್ಟ್, ಲಾಸನ್ ಎಲ್ಲಾ ಸೇರಿ ದೇಶದ ತುಂಬಾ 55 ಸಾವಿರಕ್ಕೂ ಹೆಚ್ಚಿವೆ, ಬಹುಪಾಲು 24 ಗಂಟೆನೂ ತೆಗೆದಿರ್ತವೆ.

ಊಟದ ವಿಷಯ ಸ್ವಲ್ಪ ಗಮನ ಇಟ್ಟು ಓದು. ನಮ್ಮಲ್ಲಿ ಹಸಿರು ಚುಕ್ಕಿ ನೋಡಿ ತಗೋತೀವಲ್ಲ, ಅಲ್ಲಿ ಅಂಥದ್ದು ಕಾಣ್ಸಲ್ಲ. ಪ್ಯಾಕೆಟ್ ಹಿಂದೆ ಅಲರ್ಜಿ ಪಟ್ಟಿ ಇರುತ್ತೆ, ಆದ್ರೆ ಅದರಲ್ಲಿ ಕಡ್ಡಾಯವಾಗಿ ಬರೀಬೇಕಾದ್ದು ಮೊಟ್ಟೆ, ಹಾಲು, ಗೋಧಿ, ಸೀಗಡಿ, ಏಡಿ, ಶೇಂಗಾ, ಸೊಬಾ ಅನ್ನೋ ಧಾನ್ಯ, ಅಕ್ರೋಟು ಥರದ ಕೆಲವು ಮಾತ್ರ. ಕತ್ಸುಒ ಅನ್ನೋ ಮೀನಿನ ಸಾರ ಸುಮಾರು ಅಡುಗೆಗೆ ಬೀಳುತ್ತೆ, ಅದು ಈ ಪಟ್ಟಿಲಿ ಬರೋದೇ ಇಲ್ಲ. ಹಾಗಾಗಿ ಪಟ್ಟಿ ಮಾತ್ರ ನೋಡಿ ಸುಮ್ನಾಗ್ಬೇಡ, ಫೋನ್ ಕ್ಯಾಮೆರಾ ಟ್ರಾನ್ಸ್‌ಲೇಟ್‌ಗೆ ಹಾಕಿ ಪೂರ್ತಿ ಸಾಮಗ್ರಿ ಓದು. ಉಪ್ಪಿನಕಾಯಿ ಥರದ ಉಮೆ ಹಣ್ಣು ಇಟ್ಟ ಒನಿಗಿರಿ, ಅಂದ್ರೆ ಅನ್ನದ ಉಂಡೆ, ಸಸ್ಯಾಹಾರ ಅಂತ ಎಷ್ಟೋ ಜನ ಕಣ್ಮುಚ್ಚಿ ತಗೋತಾರೆ, ಕೆಲವದರಲ್ಲಿ ಆ ಮೀನಿನ ಸಾರ ಇರುತ್ತೆ. ಬರೀ ಉಪ್ಪು ಹಾಕಿದ ಶಿಯೊ ಒನಿಗಿರಿ ಸಿಕ್ಕಿದ್ರೆ ವಾಸಿ, ಅದರದ್ದೂ ಒಂದ್ಸಲ ಓದು. ಪುಡಿಂಗು, ಜೆಲ್ಲಿಲಿ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡೋ ಜೆಲಟಿನ್ ಇರಬಹುದು. ಸಿಹಿ ಬೇಕು ಅನ್ಸಿದ್ರೆ ಯೋಕಾನ್ ತಗೋ, ಅದು ಕೆಂಪು ಅಜುಕಿ ಕಾಳು, ಸಕ್ಕರೆ, ಕಡಲ ಪಾಚಿಯ ಅಗರ್ ಹಾಕಿ ಮಾಡೋದು, ತೆಳ್ಳಗೆ ಕೊಯ್ದು ಬಾಯಿಗಿಟ್ರೆ ಹಾಗೇ ಕರಗುತ್ತೆ.

ಒನಿಗಿರಿ ಬಿಡಿಸೋದಕ್ಕೂ ಒಂದು ಕ್ರಮ ಇದೆ. ಕವರ್ ಮೇಲೆ 1, 2, 3 ಅಂತ ಬರೆದಿರ್ತಾರೆ. 1 ಅನ್ನೋ ತುದಿ ಹಿಡಿದು ಮಧ್ಯದಲ್ಲಿ ಕೆಳಗೆ ಎಳೀತಾ ಪೂರ್ತಿ ಸುತ್ತು ಬಂದ್ರೆ ಕವರ್ ಎರಡು ಭಾಗ ಆಗುತ್ತೆ, ಆಮೇಲೆ 2, 3 ಮೂಲೆ ಹಿಡಿದು ಆ ಕಡೆ ಈ ಕಡೆ ಎಳೆದ್ರೆ ನಡುವಿನ ಪ್ಲಾಸ್ಟಿಕ್ ಆಚೆ ಬಂದು ನೋರಿ ಅನ್ನೋ ಒಣ ಕಡಲ ಪಾಚಿ ಹಾಳೆ ಅನ್ನಕ್ಕೆ ಅಂಟ್ಕೊಳ್ಳುತ್ತೆ. ನೋರಿ ಅಲ್ಲಿವರೆಗೂ ಅನ್ನಕ್ಕೆ ತಾಗಿರಲ್ಲ, ಅದಕ್ಕೇ ಹಪ್ಪಳದ ಹಾಗೆ ಗರಿಗರಿ. ಅಷ್ಟು ಸಣ್ಣ ವಿಷಯಕ್ಕೂ ತಲೆ ಕೆಡಿಸ್ಕೊಂಡಿದಾರಲ್ಲ ಅಂತ ನಂಗೆ ಅವರ ಮೇಲೆ ಗೌರವ ಬಂದಿದ್ದೇ ಅದನ್ನ ನೋಡಿ.

ಏನೂ ಸಿಗದ ದಿನ ಮೊಸರನ್ನ ಇದ್ದೇ ಇದೆ ಕಣೆ. ಮೈಕ್ರೋವೇವಿಗಿಡೋ ಬಿಳಿ ಅನ್ನದ ಪ್ಯಾಕ್ ಸಿಗುತ್ತೆ, ಸಕ್ಕರೆ ಇಲ್ಲದ ಪ್ಲೇನ್ ಯೋಗರ್ಟ್ ಸಿಗುತ್ತೆ, ಅಮ್ಮ ಕಟ್ಟಿಕೊಡೋ ಚಟ್ನಿಪುಡಿನ ಮಾತ್ರ ಬೇಡ ಅನ್ಬೇಡ. ಮೊಟ್ಟೆ ತಿಂತೀಯಲ್ಲ, ತಮಾಗೊ ಸ್ಯಾಂಡ್ವಿಚ್ ತಿಂದು ನೋಡು, ತುಂಬಾ ಮೆತ್ತಗಿರುತ್ತೆ.

ದುಡ್ಡಿಗೆ ಸೆವೆನ್-ಇಲೆವೆನ್ ಒಳಗಿರೋ ಸೆವೆನ್ ಬ್ಯಾಂಕ್ ಎಟಿಎಂ ಒಳ್ಳೇದು, ವಿದೇಶಿ ಕಾರ್ಡ್ ತಗೊಳ್ಳುತ್ತೆ, ಇಂಗ್ಲಿಷಲ್ಲೂ ಇದೆ. ರೂಪಾಯಿ ಲೆಕ್ಕದಲ್ಲಿ ಕೊಡ್ಲಾ ಅಂತ ಕೇಳಿದ್ರೆ ಬೇಡ, ಯೆನ್ ಅಂತಲೇ ಒತ್ತು. 2020ರಿಂದ ನಮ್ಮ ಕಾರ್ಡ್‌ಗಳು ವಿದೇಶಕ್ಕೆ ತಾವಾಗೇ ಆನ್ ಇರಲ್ಲ, ಹೊರಡೋ ಮುಂಚೆ ಬ್ಯಾಂಕ್ ಆಪ್‌ನಲ್ಲಿ ಆನ್ ಮಾಡ್ಕೋ. ರೈಲು ಬಸ್ಸಿಗೆ ಬಳಸೋ ಸುಯಿಕಾ ಕಾರ್ಡ್‌ಗೆ ದುಡ್ಡು ತುಂಬೋದೂ ಕೌಂಟರ್‌ನಲ್ಲೇ ಆಗುತ್ತೆ.

ಕೌಂಟರ್‌ನಲ್ಲಿ ನೋಟು ಕೈಗೆ ಕೊಡ್ಬೇಡ, ಪುಟ್ಟ ಟ್ರೇ ಇರುತ್ತೆ, ಅದರಲ್ಲಿಡು. ಎಷ್ಟೋ ಕಡೆ ಈಗ ದುಡ್ಡು ನಾವೇ ಮೆಷಿನ್‌ಗೆ ಹಾಕ್ಬೇಕು. ಕವರ್ ಬೇಕಾ ಅಂತ ಕೇಳ್ತಾರೆ, 2020ರ ಜುಲೈಯಿಂದ ಅದಕ್ಕೆ ದುಡ್ಡು, ಬ್ಯಾಗ್ ಒಯ್ದಿರು. ಬೇಡ ಅನ್ನೋಕೆ "ದೈಜೊಬು ದೆಸ್" ಅಂದ್ರೆ ಸಾಕು. ರಾತ್ರಿ ಕೌಂಟರ್‌ನಲ್ಲಿ ನೇಪಾಳ, ವಿಯೆಟ್ನಾಂನಿಂದ ಓದೋಕೆ ಬಂದ ಹುಡುಗ ಹುಡುಗೀರು ಇರ್ತಾರೆ, ಪಾಠ ನಡೆಯೋ ದಿನಗಳಲ್ಲಿ ವಾರಕ್ಕೆ 28 ಗಂಟೆ ಮಾತ್ರ ದುಡೀಬಹುದು ಅವರು, ಅಷ್ಟರಲ್ಲೇ ಖರ್ಚು ತೂಗಿಸ್ಬೇಕು. ನಿನ್ನ ವಯಸ್ಸಿನವರೇ. ನಗುನಗ್ತಾ "ಅರಿಗಾತೊ ಗೊಜಾಇಮಾಸ್" ಅಂತ ಥ್ಯಾಂಕ್ಸ್ ಹೇಳಿ ಬಾ.

ಈಗ ನನ್ನ ಚಿಂತೆ. ಯಾರೋ ಹಿಂದೆನೇ ಬರ್ತಿದಾರೆ ಅನ್ನಿಸ್ತಾ, ನಿಜಾನೋ ಭ್ರಮೆನೋ ಅಂತ ಯೋಚಿಸ್ತಾ ನಿಲ್ಬೇಡ, ಹತ್ರದ ಕೊಂಬಿನಿಗೆ ನುಗ್ಗು. ಅವರಲ್ಲಿ ಸೇಫ್ಟಿ ಸ್ಟೇಷನ್ ಅಂತ ಒಂದು ವ್ಯವಸ್ಥೆನೇ ಇದೆ, ಹೆದರಿ ಓಡಿಬಂದ ಹೆಣ್ಮಕ್ಕಳಿಗೆ, ಮಕ್ಕಳಿಗೆ ಆಸರೆ ಕೊಟ್ಟು ಪೊಲೀಸರಿಗೆ ತಿಳಿಸ್ತಾರೆ. "ತಸುಕೆತೆ ಕುದಸಾಯ್" ಅನ್ನು, ಸಹಾಯ ಮಾಡಿ ಅಂತ. ಪೊಲೀಸ್ 110, ಆಂಬುಲೆನ್ಸ್ 119, ಇವತ್ತೇ ಫೋನ್‌ಗೆ ಹಾಕ್ಕೋ. ದೊಡ್ಡ ಭೂಕಂಪ ಆಗಿ ರೈಲು ನಿಂತ್ರೂ ಅಷ್ಟೇ, ನಡ್ಕೊಂಡು ಮನೆಗೆ ಹೋಗೋರಿಗೆ ಕುಡಿಯೋ ನೀರು, ಟಾಯ್ಲೆಟ್ಟು, ದಾರಿ ಮಾಹಿತಿ ಕೊಡೋ ಅಂಗಡಿಗಳ ಬಾಗಿಲಲ್ಲಿ ಸ್ಟಿಕ್ಕರ್ ಇರುತ್ತೆ. ರೂಮ್ ಸೇರಿದ ದಿನವೇ ಹಗಲಲ್ಲಿ ಒಂದು ಸುತ್ತು ಹಾಕಿ ಎಲ್ಲೆಲ್ಲಿ ಕೊಂಬಿನಿ ಇದೆ ನೋಡ್ಕೊಂಡು ನಂಗೆ ಲೊಕೇಶನ್ ಕಳ್ಸು.

ನಿನ್ನ ಅಪ್ಪ